ಬಾಹ್ಯಾಕಾಶಕ್ಕೆ ಹೋಗುವ ಬೋರ್ಡಿಗೆ ವೋಲ್ಟೇಜ್ ರೆಗ್ಯುಲೇಟರ್: ಆರಿಸುವುದು ಹೇಗೆ, ತರಿಸಿಕೊಳ್ಳುವುದು ಹೇಗೆ?

ಉಪಗ್ರಹದ ಪೇಲೋಡ್ ವಿನ್ಯಾಸಕ್ಕೆ ಹೊಸದಾಗಿ ಇಳಿದವರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ: "ನಾಯ್ಸ್ ಕಡಿಮೆ ಇರಬೇಕು, ವಿಕಿರಣವನ್ನೂ ತಾಳಬೇಕು. ಯಾವ ರೆಗ್ಯುಲೇಟರ್ ಹಾಕಲಿ, ಎಲ್ಲಿ ಸಿಗುತ್ತದೆ?" ರೆಗ್ಯುಲೇಟರ್ ಎಂದರೆ ಉಳಿದ ಚಿಪ್ಪುಗಳಿಗೆ ಸ್ಥಿರ ವೋಲ್ಟೇಜ್ ಒದಗಿಸುವ ಚಿಪ್. ಆ ವೋಲ್ಟೇಜಿನ ಮೇಲೆ ಉಳಿಯುವ ಸಣ್ಣ ಅಲುಗಾಟವೇ ನಾಯ್ಸ್. ಪಾರ್ಟ್ ನಂಬರ್ ಒಂದನ್ನು ಹೇಳಿ ಮುಗಿಸುವಂಥ ಪ್ರಶ್ನೆ ಇದಲ್ಲ. ಒಬ್ಬರ ಕಕ್ಷೆಯಲ್ಲಿ ಹತ್ತು ವರ್ಷ ಬಾಳುವ ಚಿಪ್ ಇನ್ನೊಬ್ಬರ ಕಕ್ಷೆಯಲ್ಲಿ ಬೇಗನೆ ಸೋಲಬಹುದು. ಒಬ್ಬರ ಎಡಿಸಿಗೆ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್ಪಿಗೆ) ಸಾಕೆನಿಸಿದ ನಾಯ್ಸ್ ಮಟ್ಟ ಇನ್ನೊಬ್ಬರ ಆಸಿಲೇಟರಿಗೆ ಏನೇನೂ ಸಾಲದು.

ಅದಕ್ಕೇ ಇಲ್ಲಿ ಆರಿಸುವ ಕ್ರಮವನ್ನು ಹೇಳುತ್ತಿದ್ದೇನೆ. ಉದ್ದಕ್ಕೂ ಒಂದು ಮಾತು ನೆನಪಿರಲಿ. ಡೇಟಾಶೀಟಿನ ಮೊದಲ ಪುಟದಲ್ಲಿ ಅಚ್ಚಾಗಿರುವುದು ಹೊಸ ಚಿಪ್ಪಿನ, ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ಅಂಕಿ. ನಿಮಗೆ ಬೇಕಾಗಿರುವುದು ಕಾರ್ಯಾಚರಣೆಯ ಕೊನೆಯ ದಿನದಂದು, ನಿಮ್ಮ ಲೋಡಿಗೆ, ನಿಮ್ಮ ಕೆಪಾಸಿಟರಿನೊಂದಿಗೆ ಸಿಗುವ ಅಂಕಿ.

ಕೆಲಸಕ್ಕೆ ಕೂರುವ ಮೊದಲು ಇಷ್ಟು ವಿವರ ಕೈಯಲ್ಲಿರಲಿ: ಕಕ್ಷೆಯ ಎತ್ತರ ಮತ್ತು ಓರೆ, ಎಷ್ಟು ವರ್ಷದ ಕಾರ್ಯಾಚರಣೆ, ಪೆಟ್ಟಿಗೆಯ ಗೋಡೆಯ ದಪ್ಪ, ರೆಗ್ಯುಲೇಟರ್ ಪೋಷಿಸಬೇಕಾದ ಚಿಪ್ಪುಗಳ ಡೇಟಾಶೀಟುಗಳು, ಬೋರ್ಡು ಸಿದ್ಧವಾಗಬೇಕಾದ ದಿನಾಂಕ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ.

1. ಮೊದಲು ಕಕ್ಷೆಯ ಲೆಕ್ಕ

ವಿಕಿರಣದಿಂದ ಆಗುವ ಹಾನಿ ಮೂರು ಬಗೆ. ಮೊದಲನೆಯದು ಒಟ್ಟು ಡೋಸ್, ಅಂದರೆ ಟಿಐಡಿ. ವರ್ಷಗಟ್ಟಲೆ ಪ್ರೋಟಾನ್, ಎಲೆಕ್ಟ್ರಾನ್‌ಗಳು ಚಿಪ್ಪಿನ ಆಕ್ಸೈಡ್ ಪದರದಲ್ಲಿ ಜಮಾ ಮಾಡುವ ವಿದ್ಯುದಂಶದ ಹಾನಿ ಇದು. ಇದರ ಅಳತೆ ರ‍್ಯಾಡ್. 100 ರ‍್ಯಾಡ್ ಎಂದರೆ 1 ಗ್ರೇ. ಎರಡನೆಯದು ಸ್ಥಾನಪಲ್ಲಟದ ಹಾನಿ: ಕಣಗಳು ಸಿಲಿಕಾನ್ ಹರಳಿನ ಪರಮಾಣುಗಳನ್ನೇ ಜಾಗ ಬಿಟ್ಟು ಕದಲಿಸುತ್ತವೆ. ಬೈಪೋಲಾರ್ ಟ್ರಾನ್ಸಿಸ್ಟರುಗಳ ಗೇನ್ ಇದರಿಂದ ಕುಸಿಯುತ್ತದೆ. ಮೂರನೆಯದು ಏಕಕಣ ಪರಿಣಾಮ, ಅಂದರೆ ಎಸ್‌ಇಇ. ಒಂದೇ ಒಂದು ಭಾರದ ಅಯಾನು ಹಾದುಹೋದರೂ ಸಾಕು, ಆ ಕ್ಷಣದಲ್ಲೇ ಔಟ್‌ಪುಟ್ ಜಿಗಿಯಬಹುದು ಅಥವಾ ಚಿಪ್ ಸುಟ್ಟೇ ಹೋಗಬಹುದು.

ಒಟ್ಟು ಡೋಸ್ ಲೆಕ್ಕ ಹಾಕಲು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಸ್ಪೆನ್‌ವಿಸ್ ಎಂಬ ಆನ್‌ಲೈನ್ ಸಾಧನ ಒಳ್ಳೆಯ ಆರಂಭ. ಕಕ್ಷೆಯ ವಿವರ ಕೊಟ್ಟರೆ ಅಲ್ಯುಮಿನಿಯಂ ದಪ್ಪಕ್ಕೆ ತಕ್ಕಂತೆ ಡೋಸ್ ಎಷ್ಟೆಂಬ ಗ್ರಾಫ್ ಸಿಗುತ್ತದೆ. ಕೆಲವು ಮಿಲಿಮೀಟರ್ ಅಲ್ಯುಮಿನಿಯಂ ಹಿಂದೆ ಕುಳಿತ ಬೋರ್ಡಿಗೆ ಕೆಳ ಕಕ್ಷೆಯ ಎರಡು-ಮೂರು ವರ್ಷದಲ್ಲಿ ಸಾಮಾನ್ಯವಾಗಿ ಕೆಲವೇ ಕಿಲೊರ‍್ಯಾಡ್. ಭೂಸ್ಥಿರ ಕಕ್ಷೆಯ 15 ವರ್ಷಕ್ಕೆ ಹತ್ತಾರು ಕಿಲೊರ‍್ಯಾಡ್‌ನಿಂದ 100ರ ಆಸುಪಾಸಿಗೆ ಹೋಗುತ್ತದೆ. ಗುರು ಗ್ರಹದ ಸುತ್ತಲಂತೂ ಲೆಕ್ಕವೇ ಬೇರೆ. ಜೂನೋ ನೌಕೆಯ ಎಲೆಕ್ಟ್ರಾನಿಕ್ಸನ್ನು ಸುಮಾರು 1 ಸೆಂಟಿಮೀಟರ್ ದಪ್ಪದ ಟೈಟೇನಿಯಂ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದ್ದು ಅದಕ್ಕಾಗಿಯೇ.

ಬಂದ ಡೋಸನ್ನು ಎರಡರಿಂದ ಗುಣಿಸಿಕೊಳ್ಳಿ. ಈ ದುಪ್ಪಟ್ಟು ಅಂತರ ರೂಢಿಯಲ್ಲಿರುವ ವಿನ್ಯಾಸ ಮಾರ್ಜಿನ್. 12 ಕಿಲೊರ‍್ಯಾಡ್ ಬಂದರೆ 24 ತಾಳುವ ಚಿಪ್ ಹುಡುಕಿ.

ಎಚ್ಚರಿಕೆ: ಗೋಡೆ ದಪ್ಪ ಮಾಡಿದಷ್ಟೂ ಡೋಸ್ ಇಳಿಯುತ್ತಲೇ ಹೋಗುತ್ತದೆ ಎಂದುಕೊಳ್ಳಬೇಡಿ. ಎಲೆಕ್ಟ್ರಾನ್‌ಗಳು ಬೇಗ ತಡೆಯಾಗುತ್ತವೆ. ಹೆಚ್ಚು ಶಕ್ತಿಯ ಪ್ರೋಟಾನ್‌ಗಳು ತಡೆಯಾಗುವುದಿಲ್ಲ. ಒಂದು ಹಂತದ ಬಳಿಕ ತೂಕ ಮಾತ್ರ ಏರುತ್ತದೆ. ಏಕಕಣ ಪರಿಣಾಮದ ವಿರುದ್ಧ ಗೋಡೆಯನ್ನು ನೆಚ್ಚಿಕೊಳ್ಳಲೇಬೇಡಿ, ಬ್ರಹ್ಮಾಂಡ ಕಿರಣದ ಅಯಾನುಗಳಿಗೆ ನಿಮ್ಮ ಪೆಟ್ಟಿಗೆ ಒಂದು ತೆಳು ಪರದೆಯಷ್ಟೇ.

2. ನಾಯ್ಸ್ ಎಷ್ಟು ಬೇಕೆಂಬುದನ್ನು ಲೋಡಿನಿಂದ ಕೇಳಿ

"ಆದಷ್ಟು ಕಡಿಮೆ" ಎಂಬುದು ಉತ್ತರವಲ್ಲ. ನಾಯ್ಸ್ ಇಳಿದಂತೆಲ್ಲ ಆಯ್ಕೆ ಕಿರಿದಾಗುತ್ತದೆ, ಬೆಲೆ ಏರುತ್ತದೆ, ಕಾಯುವ ದಿನ ಹೆಚ್ಚುತ್ತದೆ. ಅದಕ್ಕೆ ಒಂದು ಅಂಕಿಯನ್ನು ಲೆಕ್ಕದಿಂದಲೇ ತೆಗೆಯಬೇಕು.

ವೋಲ್ಟೇಜ್‌ನಿಂದ ಆವರ್ತನ ಬದಲಿಸುವ ಆಸಿಲೇಟರನ್ನು, ಅಂದರೆ ವಿಸಿಒವನ್ನು, ಉದಾಹರಣೆಗೆ ತೆಗೆದುಕೊಳ್ಳಿ. ಅದರ ಸಪ್ಲೈ 1 ವೋಲ್ಟ್ ಅಲ್ಲಾಡಿದರೆ ಆವರ್ತನ ಎಷ್ಟು ಜರುಗುತ್ತದೆ ಎಂಬುದಕ್ಕೆ ಪುಶಿಂಗ್ ಎನ್ನುತ್ತಾರೆ. ಪುಶಿಂಗ್ ವೋಲ್ಟಿಗೆ 1 ಮೆಗಾಹರ್ಟ್ಸ್ ಇದೆ, ಸಪ್ಲೈ ಮೇಲಿನ ನಾಯ್ಸ್ ಸಾಂದ್ರತೆ 100 ಕಿಲೊಹರ್ಟ್ಸ್‌ನಲ್ಲಿ 10 ನ್ಯಾನೊವೋಲ್ಟ್ ಪ್ರತಿ ರೂಟ್ ಹರ್ಟ್ಸ್ ಇದೆ ಎಂದಿಟ್ಟುಕೊಳ್ಳಿ. ಪುಶಿಂಗನ್ನು ನಾಯ್ಸ್ ಸಾಂದ್ರತೆಯಿಂದ ಗುಣಿಸಿ, ರೂಟ್ ಎರಡರಿಂದಲೂ ಆಫ್‌ಸೆಟ್ ಆವರ್ತನದಿಂದಲೂ (ಇಲ್ಲಿ 100 ಕಿಲೊಹರ್ಟ್ಸ್) ಭಾಗಿಸಿ, ಲಾಗ್ ತೆಗೆದು 20ರಿಂದ ಗುಣಿಸಿ. ಮೈನಸ್ 143 ಡಿಬಿಸಿ ಪ್ರತಿ ಹರ್ಟ್ಸ್ ಬರುತ್ತದೆ. ಸಪ್ಲೈ ಒಂದೇ ಕೊಡುವ ಫೇಸ್ ನಾಯ್ಸ್, ಅಂದರೆ ಆಸಿಲೇಟರಿನ ಅಲೆಯಲ್ಲಿ ಕಾಣುವ ನಡುಕ, ಇದು. ಆಸಿಲೇಟರಿನ ಸ್ವಂತ ಫೇಸ್ ನಾಯ್ಸ್ ಇದಕ್ಕಿಂತ 10 ಡಿಬಿ ಮೇಲಿದ್ದರೆ ನಿಮ್ಮ ರೆಗ್ಯುಲೇಟರ್ ಸಾಕು. ನಾಯ್ಸ್ ಹತ್ತು ಪಟ್ಟಾದರೆ ಅಂಕಿ ಮೈನಸ್ 123ಕ್ಕೆ ಏರುತ್ತದೆ. ಆಗ ರೇಡಿಯೊ ಕೊಂಡಿಯಲ್ಲಿ ಆಗುವ ನಷ್ಟಕ್ಕೆ ಆಸಿಲೇಟರನ್ನು ದೂರಿ ಫಲವಿಲ್ಲ.

ಎಡಿಸಿಗಾದರೆ ಅದರ ಸಪ್ಲೈ ತಿರಸ್ಕಾರದ ಅಂಕಿ ನೋಡಿ. ಅದಕ್ಕೆ ಪಿಎಸ್ಆರ್ಆರ್ ಎನ್ನುತ್ತಾರೆ: ಸಪ್ಲೈ ಮೇಲಿನ ಅಲುಗಾಟದಲ್ಲಿ ಎಷ್ಟು ಪಾಲು ಔಟ್‌ಪುಟ್ಟಿಗೆ ದಾಟದೆ ಉಳಿಯುತ್ತದೆ ಎಂಬುದರ ಅಳತೆ. 60 ಡಿಬಿ ಎಂದರೆ ಸಾವಿರದ ಒಂದು ಪಾಲು ಮಾತ್ರ ದಾಟುತ್ತದೆ. ಎಡಿಸಿ ತಾನೇ 60 ಡಿಬಿ ತಡೆಯುವುದಾದರೆ ಸಪ್ಲೈಗೆ ಅತಿ ಶುದ್ಧ ರೆಗ್ಯುಲೇಟರ್ ಬೇಕಿಲ್ಲ. ಆದರೆ ಅದರ ರೆಫರೆನ್ಸ್ ಕಾಲಿಗೆ ಹೋಗುವ ವೋಲ್ಟೇಜಿಗೆ ಈ ರಕ್ಷಣೆ ಇಲ್ಲ, ಅಲ್ಲಿ ಬಂದದ್ದೆಲ್ಲ ನೇರ ಅಳತೆಗೆ ಸೇರುತ್ತದೆ. ಎರಡಕ್ಕೂ ಒಂದೇ ರೆಗ್ಯುಲೇಟರ್ ಹಾಕುವ ಆಸೆ ಬಂದರೆ ಇದನ್ನು ನೆನಪಿಸಿಕೊಳ್ಳಿ.

ಎಫ್‌ಪಿಜಿಎ (ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ಡಿಜಿಟಲ್ ಚಿಪ್) ಕೋರ್‌ನಂಥ ಡಿಜಿಟಲ್ ಲೋಡಿಗೆ ನಾಯ್ಸ್ ದೊಡ್ಡ ವಿಷಯವೇ ಅಲ್ಲ. ಅಲ್ಲಿ ನಿಖರತೆ ಮತ್ತು ಜಿಗಿತದ ಮಾತು. ಹಾಗಾಗಿ ರೈಲುಗಳನ್ನು, ಅಂದರೆ ಬೋರ್ಡಿನ ಬೇರೆ ಬೇರೆ ಸಪ್ಲೈ ಸಾಲುಗಳನ್ನು, ವಿಂಗಡಿಸಿ. ದುಬಾರಿ ಚಿಪ್ ಬೇಕಾಗುವುದು ಒಂದೋ ಎರಡೋ ರೈಲಿಗೆ ಮಾತ್ರ ಎಂಬುದು ಸಾಮಾನ್ಯವಾಗಿ ಇಲ್ಲೇ ತಿಳಿಯುತ್ತದೆ.

3. ನಾಯ್ಸ್ ಅಂಕಿಯ ಹಿಂದಿನ ಷರತ್ತು ಓದಿ

ಡೇಟಾಶೀಟು ಎರಡು ರೀತಿಯಲ್ಲಿ ನಾಯ್ಸ್ ಹೇಳುತ್ತದೆ. ಒಂದು, ಒಂದೊಂದು ಆವರ್ತನದಲ್ಲಿ ಎಷ್ಟೆಂದು ತೋರಿಸುವ ಸಾಂದ್ರತೆಯ ಗ್ರಾಫ್. ಇನ್ನೊಂದು, ಸಾಮಾನ್ಯವಾಗಿ 10 ಹರ್ಟ್ಸ್‌ನಿಂದ 100 ಕಿಲೊಹರ್ಟ್ಸ್‌ವರೆಗೆ ಕೂಡಿಸಿದ ಆರ್‌ಎಂಎಸ್ ಅಂಕಿ. 10 ನ್ಯಾನೊವೋಲ್ಟ್ ಸಾಂದ್ರತೆ ಪೂರ್ತಿ 100 ಕಿಲೊಹರ್ಟ್ಸ್ ಉದ್ದಕ್ಕೂ ಸಮನಾಗಿದ್ದರೆ ಕೂಡಿದ ಮೊತ್ತ ಸುಮಾರು 3.2 ಮೈಕ್ರೊವೋಲ್ಟ್. ಮೊತ್ತ ಒಂದೇ ಇರುವ ಎರಡು ಚಿಪ್ಪುಗಳಲ್ಲಿ ಒಂದರ ನಾಯ್ಸ್ ಕೆಳ ಆವರ್ತನದಲ್ಲೇ ಗುಡ್ಡೆಯಾಗಿರಬಹುದು. ನಿಧಾನವಾಗಿ ಅಳೆಯುವ ಸೆನ್ಸರಿಗೆ ಅದೇ ಮುಳ್ಳು. ಆದ್ದರಿಂದ ಗ್ರಾಫನ್ನೇ ನೋಡಿ.

ಅಳತೆಗೋಲಾಗಿ ಕೆಲವು ಹೆಸರು ಹೇಳುವುದು ಉಪಯುಕ್ತ. ನೆಲದ ಮೇಲಿನ ಬಳಕೆಗೆ ಅನಲಾಗ್ ಡಿವೈಸಸ್‌ನ ಎಲ್‌ಟಿ3045 ಈ ವ್ಯಾಪ್ತಿಯಲ್ಲಿ 0.8 ಮೈಕ್ರೊವೋಲ್ಟ್ ಕೊಡುತ್ತದೆ. ಬಾಹ್ಯಾಕಾಶ ದರ್ಜೆಯಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎಸ್7ಎಚ್1111-ಎಸ್‌ಪಿ ಸುಮಾರು 1.7 ಮೈಕ್ರೊವೋಲ್ಟ್ ಹೇಳುತ್ತದೆ, 1.5 ಆಂಪಿಯರ್‌ವರೆಗೆ. ಅದೇ ಕಂಪನಿಯ 3 ಆಂಪಿಯರ್‌ನ ಟಿಪಿಎಸ್7ಎಚ್1101ಎ-ಎಸ್‌ಪಿ ಹೇಳುವುದು ಸುಮಾರು 20 ಮೈಕ್ರೊವೋಲ್ಟ್. ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್‌ನ ಆರ್‌ಎಚ್‌ಎಫ್‌ಎಲ್4913, ರೆನೆಸಾಸ್‌ನ ಐಎಸ್‌ಎಲ್75051 ಸರಣಿಗಳೂ ಬಳಕೆಯಲ್ಲಿವೆ. ಇವನ್ನು ಶಿಫಾರಸು ಎಂದು ಓದಬೇಡಿ. ಮಾರುಕಟ್ಟೆಯ ಹರಹು ಎಲ್ಲಿಂದ ಎಲ್ಲಿಯವರೆಗೆ ಎಂದು ತಿಳಿಯಲಿಕ್ಕೆ ಹೇಳಿದೆ.

ಈಗ ಷರತ್ತುಗಳು. ಔಟ್‌ಪುಟ್ಟನ್ನು ಎರಡು ರೆಸಿಸ್ಟರ್‌ಗಳಿಂದ ಹೊಂದಿಸುವ ಸಾಂಪ್ರದಾಯಿಕ ರಚನೆಯಲ್ಲಿ ಒಳಗಿನ ರೆಫರೆನ್ಸಿನ ನಾಯ್ಸ್ ಕೂಡ ಔಟ್‌ಪುಟ್ಟಿನ ಅನುಪಾತಕ್ಕೆ ಹಿಗ್ಗುತ್ತದೆ. 1.2 ವೋಲ್ಟ್ ರೆಫರೆನ್ಸಿನಿಂದ 3.3 ವೋಲ್ಟ್ ತೆಗೆದರೆ ನಾಯ್ಸ್ 2.75 ಪಟ್ಟು. ಡೇಟಾಶೀಟಿನ ಅಂಕಿ ಅತಿ ಕಡಿಮೆ ಔಟ್‌ಪುಟ್ ವೋಲ್ಟೇಜಿನಲ್ಲಿ ಅಳೆದದ್ದಾದರೆ ನಿಮ್ಮ 3.3 ವೋಲ್ಟ್ ರೈಲಿನಲ್ಲಿ ಅದು ಸಿಗುವುದಿಲ್ಲ. ನಾಯ್ಸ್ ತಗ್ಗಿಸುವ ಕಾಲಿಗೆ ಎಷ್ಟು ಕೆಪಾಸಿಟರ್ ಹಾಕಿ ಅಳೆದಿದ್ದಾರೆ, ಲೋಡ್ ಎಷ್ಟಿತ್ತು, ಇನ್‌ಪುಟ್ ಮತ್ತು ಔಟ್‌ಪುಟ್ ನಡುವೆ ಎಷ್ಟು ಅಂತರ ಬಿಟ್ಟಿದ್ದರು, ಇವನ್ನೂ ಗುರುತು ಹಾಕಿಕೊಳ್ಳಿ.

ಆ ಅಂತರ ಬಹಳ ಮುಖ್ಯ. ಕಡಿಮೆ ಅಂತರದಲ್ಲೂ ಕೆಲಸ ಮಾಡುವ ರೆಗ್ಯುಲೇಟರನ್ನು ಎಲ್‌ಡಿಒ ಎನ್ನುತ್ತಾರೆ ನಿಜ. ಆದರೆ ಅಂತರ ತೀರ ಇಳಿದಾಗ ಅದರ ಪಿಎಸ್ಆರ್ಆರ್ ಕುಸಿದುಹೋಗುತ್ತದೆ. ವೋಲ್ಟೇಜ್ ಸರಿಯಾಗಿಯೇ ಬರುತ್ತಿರುತ್ತದೆ, ಆದರೆ ಹಿಂದಿನ ಸ್ವಿಚಿಂಗ್ ಕನ್ವರ್ಟರಿನ ಕಸ ಅಷ್ಟೂ ದಾಟಿ ಬರುತ್ತಿರುತ್ತದೆ.

ಇನ್ನೊಂದು ಲೆಕ್ಕ: ಕನ್ವರ್ಟರಿನಿಂದ 500 ಕಿಲೊಹರ್ಟ್ಸ್‌ನಲ್ಲಿ 10 ಮಿಲಿವೋಲ್ಟ್ ರಿಪಲ್ (ಸ್ವಿಚಿಂಗ್‌ನಿಂದಾಗುವ ಏರಿಳಿತ) ಬರುತ್ತಿದೆ, ಅದನ್ನು 10 ಮೈಕ್ರೊವೋಲ್ಟಿಗೆ ಇಳಿಸಬೇಕು. ಬೇಕಾದದ್ದು 60 ಡಿಬಿ, ಅದೂ 500 ಕಿಲೊಹರ್ಟ್ಸ್‌ನಲ್ಲಿ. ಮೊದಲ ಪುಟದ ದೊಡ್ಡ ಪಿಎಸ್ಆರ್ಆರ್ ಅಂಕಿ ಸಾಮಾನ್ಯವಾಗಿ ನೂರು ಅಥವಾ ಸಾವಿರ ಹರ್ಟ್ಸ್‌ನದು. ಕೊರತೆ ಕಂಡರೆ ಕನ್ವರ್ಟರಿಗೂ ರೆಗ್ಯುಲೇಟರಿಗೂ ನಡುವೆ ಒಂದು ಇಂಡಕ್ಟರ್-ಕೆಪಾಸಿಟರ್ ಫಿಲ್ಟರ್ ಇಡಿ.

ಇಲ್ಲೇ ಒಂದು ಮಾತು ಸೇರಿಸಬೇಕು, ನಾನು ಮನಸಾರೆ ಮೆಚ್ಚುವ ದಾರಿ ಇದು. ಲೋಡ್ ಚಿಕ್ಕದಾಗಿದ್ದರೆ ಅಪರೂಪದ ಅತಿ ಕಡಿಮೆ ನಾಯ್ಸ್ ಚಿಪ್ ಹುಡುಕುವ ಬದಲು, ವಿಕಿರಣ ತಾಳುವ ಸಾಧಾರಣ ರೆಗ್ಯುಲೇಟರಿನ ಔಟ್‌ಪುಟ್ ಬದಿಯಲ್ಲಿ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಇಟ್ಟು ನೋಡಿ. 10 ಓಮ್ ಮತ್ತು 100 ಮೈಕ್ರೊಫ್ಯಾರಡ್ ಸೇರಿದರೆ 159 ಹರ್ಟ್ಸ್‌ನಿಂದಾಚೆ ತಡೆ ಶುರು. 10 ಕಿಲೊಹರ್ಟ್ಸ್‌ನಲ್ಲಿ 36 ಡಿಬಿ ಲಾಭ. 10 ಮಿಲಿಆಂಪಿಯರ್ ಲೋಡಿಗೆ ಕಳೆದುಕೊಳ್ಳುವುದು 0.1 ವೋಲ್ಟ್ ಮಾತ್ರ. ಒಟ್ಟು ಡೋಸಿನಿಂದ ರೆಗ್ಯುಲೇಟರ್ ಹಾಳಾಗುವಂತೆ ಈ ಎರಡು ಬಿಡಿಭಾಗಗಳು ಹಾಳಾಗುವುದಿಲ್ಲ.

4. ಡೋಸಿನ ಅಂಕಿಯನ್ನು ಅನುಮಾನದಿಂದಲೇ ಓದಿ

"100 ಕಿಲೊರ‍್ಯಾಡ್ ತಾಳುತ್ತದೆ" ಎಂದು ಬರೆದಿದ್ದರೆ ಮೊದಲು ಕೇಳಬೇಕಾದದ್ದು: ಯಾವ ವೇಗದಲ್ಲಿ ಕೊಟ್ಟ 100? ಪ್ರಯೋಗಾಲಯದಲ್ಲಿ ಕೋಬಾಲ್ಟ್-60 ಗಾಮಾ ಕಿರಣದ ಕೆಳಗೆ ಸೆಕೆಂಡಿಗೆ 50 ರ‍್ಯಾಡ್‌ನಂತೆ ಕೊಟ್ಟರೆ 100 ಕಿಲೊರ‍್ಯಾಡ್ ಸುಮಾರು 33 ನಿಮಿಷದಲ್ಲಿ ಮುಗಿಯುತ್ತದೆ. ಕಕ್ಷೆಯಲ್ಲಿ ಅದೇ ಡೋಸ್ ವರ್ಷಗಟ್ಟಲೆ ಹನಿಹನಿಯಾಗಿ ಬರುತ್ತದೆ. ಬೈಪೋಲಾರ್ ಲೀನಿಯರ್ ಚಿಪ್ಪುಗಳು ಹನಿ ಡೋಸಿನಲ್ಲೇ ಹೆಚ್ಚು ಕೆಡಬಹುದೆಂಬುದು 1991ರಲ್ಲಿ ಬೆಳಕಿಗೆ ಬಂತು. ಇದಕ್ಕೆ ಎಲ್ಡರ್ಸ್ ಎಂಬ ಹೆಸರಿದೆ. ರೆಗ್ಯುಲೇಟರುಗಳಲ್ಲಿ ಬಹಳಷ್ಟು ಬೈಪೋಲಾರ್ ಅಥವಾ ಬೈಪೋಲಾರ್ ಬೆರೆತ ಪ್ರಕ್ರಿಯೆಯವೇ ಆದ್ದರಿಂದ ಇದು ನಿಮಗೆ ನೇರವಾಗಿ ತಟ್ಟುವ ವಿಷಯ. ರೆಫರೆನ್ಸ್ ಜಾರುತ್ತದೆ, ಪಿಎನ್‌ಪಿ ಪಾಸ್ ಟ್ರಾನ್ಸಿಸ್ಟರಿನ ಗೇನ್ ಇಳಿದು ಗರಿಷ್ಠ ಕರೆಂಟ್ ಕುಗ್ಗುತ್ತದೆ, ಡ್ರಾಪ್‌ಔಟ್ (ಇನ್‌ಪುಟ್ ಮತ್ತು ಔಟ್‌ಪುಟ್ ನಡುವೆ ಇರಲೇಬೇಕಾದ ಅಂತರ) ಏರುತ್ತದೆ.

ಕಡಿಮೆ ವೇಗದ ಪರೀಕ್ಷೆ ಎಂದರೆ ಸೆಕೆಂಡಿಗೆ 10 ಮಿಲಿರ‍್ಯಾಡ್ ಅಥವಾ ಅದಕ್ಕಿಂತ ಕಡಿಮೆ. ಆ ವೇಗದಲ್ಲಿ 100 ಕಿಲೊರ‍್ಯಾಡ್ ತಲುಪಲು ಸುಮಾರು 116 ದಿನ ಬೇಕು. ಈ ಪರೀಕ್ಷೆ ಮಾಡಿದ ತಯಾರಕರು ಅದನ್ನು ಡೇಟಾಶೀಟಿನಲ್ಲಿ ಬಿಡಿಸಿ ಬರೆದೇ ಇರುತ್ತಾರೆ. ಬರೆದಿಲ್ಲವೆಂದರೆ ಆಗಿಲ್ಲವೆಂದೇ ತಿಳಿದು ಮುಂದುವರಿಯಿರಿ. ಅಪ್ಪಟ ಸಿಮಾಸ್ ಚಿಪ್ಪಿಗೆ ಈ ತೊಂದರೆ ಸಾಮಾನ್ಯವಾಗಿ ಇಲ್ಲ, ಅದರದು ಲೀಕೇಜ್ ಮತ್ತು ತ್ರೆಶೋಲ್ಡ್ ಜಾರುವ ತೊಂದರೆ.

ಅಮೆರಿಕದ ಮಿಲಿಟರಿ ಮಾನದಂಡದ ಚಿಪ್ಪುಗಳಿಗೆ 5962 ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. 5962ರ ಪಕ್ಕದ ಅಕ್ಷರವೇ ಡೋಸ್ ಖಾತರಿ: ಪಿ ಎಂದರೆ 30 ಕಿಲೊರ‍್ಯಾಡ್, ಎಲ್ ಎಂದರೆ 50, ಆರ್ ಎಂದರೆ 100, ಎಫ್ ಎಂದರೆ 300. ಅಕ್ಷರದ ಜಾಗದಲ್ಲಿ ಅಡ್ಡಗೆರೆ ಇದ್ದರೆ ವಿಕಿರಣದ ಖಾತರಿಯೇ ಇಲ್ಲ. ಆರ್ಡರ್ ಪತ್ರದಲ್ಲಿ ಅಕ್ಷರದ ಬದಲು ಅಡ್ಡಗೆರೆ ಟೈಪ್ ಆಗಿ ಹೋದರೆ ಪೆಟ್ಟಿಗೆಯಲ್ಲಿ ಬರುವುದು ಬೇರೆಯದೇ ವಸ್ತು. ಈ ಒಂದಕ್ಷರವನ್ನು ಇಬ್ಬರು ಕೂತು ಓದಿ ನೋಡುವುದು ಒಳ್ಳೆಯದು.

ವಿಕಿರಣದಿಂದ ನಾಯ್ಸ್ ಕೂಡ ಏರುತ್ತದೆ, ಮುಖ್ಯವಾಗಿ ಕೆಳ ಆವರ್ತನದಲ್ಲಿ. ಆಕ್ಸೈಡ್ ಅಂಚಿನಲ್ಲಿ ಸೇರಿಕೊಂಡ ದೋಷಗಳು ವಿದ್ಯುದಂಶವನ್ನು ಹಿಡಿದು ಬಿಡುತ್ತಿರುವುದೇ ಕಾರಣ. ಡೋಸ್ ಕೊಟ್ಟ ಬಳಿಕದ ನಾಯ್ಸ್ ಗ್ರಾಫ್ ಡೇಟಾಶೀಟಿನಲ್ಲಿ ಅಪರೂಪ. ತಯಾರಕರ ವಿಕಿರಣ ವರದಿಯನ್ನು ಬೇರೆಯಾಗಿ ಕೇಳಿ ತರಿಸಿ. ಅದರಲ್ಲೂ ಇಲ್ಲದಿದ್ದರೆ ನಿಮ್ಮ ಡೋಸ್ ಪರೀಕ್ಷೆಯ ಪಟ್ಟಿಗೆ ನಾಯ್ಸ್ ಅಳತೆಯನ್ನು ನೀವೇ ಸೇರಿಸಿ. ಕಡಿಮೆ ನಾಯ್ಸ್‌ಗೆಂದೇ ಹಣ ಕೊಟ್ಟು, ಕೊನೆಯ ದಿನ ಅದು ಉಳಿದಿರುತ್ತದೋ ಇಲ್ಲವೋ ಎಂದು ನೋಡದೆ ಹಾರಿಸುವುದು ಸರಿಯಲ್ಲ.

5. ಒಂದು ಅಯಾನು ಬಡಿದರೆ ಏನಾಗುತ್ತದೆ?

ಅಯಾನು ಸಿಲಿಕಾನಿನಲ್ಲಿ ಸಾಗುವಾಗ ದಾರಿಯುದ್ದಕ್ಕೂ ಸುರಿದು ಹೋಗುವ ಶಕ್ತಿಯ ಅಳತೆ ಎಲ್‌ಇಟಿ. ಇದನ್ನು ಮಿಲಿಗ್ರಾಂಗೆ ಇಷ್ಟು ಎಂಇವಿ ಚದರ ಸೆಂಟಿಮೀಟರ್ ಎಂದು ಹೇಳುತ್ತಾರೆ. ಬ್ರಹ್ಮಾಂಡ ಕಿರಣದಲ್ಲಿ ಈ ಅಂಕಿ 30ರ ಆಸುಪಾಸು ದಾಟಿದ ಬಳಿಕ ಅಯಾನುಗಳ ಸಂಖ್ಯೆ ಕಡಿದಾಗಿ ಇಳಿಯುತ್ತದೆ, ಕಬ್ಬಿಣಕ್ಕಿಂತ ಭಾರದ ಧಾತುಗಳು ಅಲ್ಲಿ ವಿರಳ. ಆದರೂ ಓರೆಯಾಗಿ ಬರುವ ಅಯಾನುಗಳನ್ನೂ ಗಣಿಸಿ 60 ಅಥವಾ 75ರವರೆಗೆ ಸುರಕ್ಷಿತ ಎಂಬ ಖಾತರಿ ಕೇಳುವುದು ದೊಡ್ಡ ಯೋಜನೆಗಳ ರೂಢಿ. ಕೆಳ ಕಕ್ಷೆಯ ಸಣ್ಣ ಉಪಗ್ರಹಗಳು 37 ಅಥವಾ 43ಕ್ಕೆ ಒಪ್ಪಿಕೊಳ್ಳುವುದುಂಟು.

ನಾಶ ಮಾಡುವ ಪರಿಣಾಮಗಳು ಮೂರು. ಲ್ಯಾಚಪ್‌ನಲ್ಲಿ ಚಿಪ್ಪಿನೊಳಗೆ ಇರಬಾರದ ದಾರಿಯೊಂದು ತೆರೆದು ಕರೆಂಟ್ ಹರಿಯುತ್ತಲೇ ಇರುತ್ತದೆ. ಬರ್ನೌಟ್ ಮತ್ತು ಗೇಟ್ ರಪ್ಚರ್‌ಗಳಲ್ಲಿ ಪವರ್ ಟ್ರಾನ್ಸಿಸ್ಟರ್ ಸುಟ್ಟು ಹೋಗುತ್ತದೆ ಅಥವಾ ಗೇಟ್ ತೂತಾಗುತ್ತದೆ. ವರದಿಯಲ್ಲಿ ಪರೀಕ್ಷೆಯ ತಾಪಮಾನ ಮತ್ತು ಇನ್‌ಪುಟ್ ವೋಲ್ಟೇಜ್ ನೋಡಿ. ಲ್ಯಾಚಪ್ ಬಿಸಿಯಲ್ಲಿ ಸುಲಭವಾಗಿ ಆಗುವುದರಿಂದ ಅದನ್ನು ಬಿಸಿಯಲ್ಲೇ ಪರೀಕ್ಷಿಸಿರಬೇಕು. 5 ವೋಲ್ಟಿನಲ್ಲಿ ಬರ್ನೌಟ್ ಆಗದ ಚಿಪ್ 7 ವೋಲ್ಟಿನಲ್ಲಿ ಆಗಬಹುದು. ಪರೀಕ್ಷೆ ನಿಮ್ಮ ವೋಲ್ಟೇಜಿಗಿಂತ ಕೆಳಗಿದ್ದರೆ ಆ ಖಾತರಿ ನಿಮ್ಮದಲ್ಲ.

ನಾಶ ಮಾಡದೆ ಕಾಡುವುದು ಕ್ಷಣಿಕ ಜಿಗಿತ, ಎಸ್‌ಇಟಿ. ರೆಫರೆನ್ಸಿಗೋ ಎರರ್ ಆಂಪ್ಲಿಫೈಯರಿಗೋ ಅಯಾನು ಬಡಿದರೆ ಔಟ್‌ಪುಟ್ ಕೆಲವು ಮೈಕ್ರೊಸೆಕೆಂಡು ಮೇಲಕ್ಕೋ ಕೆಳಕ್ಕೋ ಹಾರುತ್ತದೆ. 1.0 ವೋಲ್ಟ್ ಕೋರ್‌ಗೆ 3 ಶೇಕಡಾ ಮಿತಿ ಇದ್ದರೆ ನಿಮಗೆ ಇರುವ ಜಾಗ 30 ಮಿಲಿವೋಲ್ಟ್ ಮಾತ್ರ. ಪಿಎಲ್‌ಎಲ್‌ಗೆ (ಆವರ್ತನವನ್ನು ಹಿಡಿದಿಡುವ ಸರ್ಕ್ಯೂಟಿಗೆ) ಹೋಗುವ ರೈಲಿನಲ್ಲಿ ಇಂಥ ಜಿಗಿತ ಬಂದರೆ ಲಾಕ್ ತಪ್ಪಬಹುದು. ಕಡಿಮೆ ನಾಯ್ಸ್ ಮತ್ತು ಜಿಗಿತ ಎರಡನ್ನೂ ಒಟ್ಟಿಗೆ ಯೋಚಿಸಬೇಕಾದದ್ದು ಇಲ್ಲೇ. ನಾಯ್ಸ್ ತಗ್ಗಿಸಲು ನೀವು ಇಟ್ಟ ದೊಡ್ಡ ಕೆಪಾಸಿಟರಿನ ವೋಲ್ಟೇಜೇ ಅಯಾನಿನ ಹೊಡೆತಕ್ಕೆ ಒಮ್ಮೆ ಕದಲಿದರೆ ಮೊದಲಿನ ಸ್ಥಿತಿಗೆ ಮರಳಲು ಅಷ್ಟೇ ಹೆಚ್ಚು ಹೊತ್ತು ಬೇಕು. ಔಟ್‌ಪುಟ್ ಕೆಪಾಸಿಟರ್ ಹೆಚ್ಚಿಸಿದರೆ ಜಿಗಿತದ ಎತ್ತರ ಸಾಮಾನ್ಯವಾಗಿ ತಗ್ಗುತ್ತದೆ, ಆದರೆ ಅವಧಿ ಹಿಗ್ಗಬಹುದು.

ಆದ್ದರಿಂದ ತಯಾರಕರ ಎಸ್‌ಇಟಿ ವರದಿಯಲ್ಲಿ ಅವರು ಬಳಸಿದ ಕೆಪಾಸಿಟರ್, ಲೋಡ್ ಮತ್ತು ಇನ್‌ಪುಟ್ ವೋಲ್ಟೇಜ್ ನೋಡಿ, ಸಾಧ್ಯವಾದಷ್ಟೂ ಅದೇ ಸಂಯೋಜನೆಯನ್ನು ನಿಮ್ಮ ಬೋರ್ಡಿನಲ್ಲೂ ಇಡಿ. ಬದಲಿಸಲೇಬೇಕೆಂದರೆ ಭಾರ ಅಯಾನು ಕಿರಣದ ಸೌಲಭ್ಯಕ್ಕೆ ಹೋಗಬೇಕಾಗುತ್ತದೆ. ಬೆಲ್ಜಿಯಂನ ಲುವೇನ್-ಲಾ-ನೆವ್, ಫಿನ್ಲೆಂಡಿನ ಯಿವಾಸ್ಕುಲ, ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಂಥ ಕಡೆ ಅವು ಇವೆ, ಆದರೆ ಗಂಟೆಗಳನ್ನು ಬಹಳ ಮುಂಚೆಯೇ ಕಾದಿರಿಸಬೇಕು.

6. ಯಾವ ದರ್ಜೆ?

ಮೇಲಿನ ತುದಿಯಲ್ಲಿ ಅಮೆರಿಕದ ಮಿಲಿಟರಿ ಮಾನದಂಡದ ಕ್ಯೂಎಂಎಲ್ ಕ್ಲಾಸ್ ವಿ: ಗಾಳಿ ಸೇರದಂತೆ ಮುಚ್ಚಿದ ಸೆರಾಮಿಕ್ ಕವಚ, ಪ್ರತಿ ಬಿಡಿಭಾಗಕ್ಕೂ ಬರ್ನ್-ಇನ್ (ಬಿಸಿಯಲ್ಲಿ ಓಡಿಸಿ ನೋಡುವ) ಪರೀಕ್ಷೆ. ಭೂಸ್ಥಿರ ಕಕ್ಷೆಗೂ ದೂರದ ಗ್ರಹಗಳಿಗೂ ಇದು. ಇತ್ತೀಚೆಗೆ ಪ್ಲಾಸ್ಟಿಕ್ ಕವಚಕ್ಕೆಂದೇ ಕ್ಲಾಸ್ ಪಿ ಕೂಡ ಬಂದಿದೆ. ನಡುವೆ ತಯಾರಕರೇ ಕಟ್ಟಿದ ಬಾಹ್ಯಾಕಾಶ ಪ್ಲಾಸ್ಟಿಕ್ ದರ್ಜೆಗಳು: ಸಾಮಾನ್ಯವಾಗಿ 20ರಿಂದ 50 ಕಿಲೊರ‍್ಯಾಡ್, ಒಂದೇ ಕಾರ್ಖಾನೆ, ಒಂದೇ ಜೋಡಣಾ ಸ್ಥಳ. ಕೆಳ ಕಕ್ಷೆಗೆ ನನ್ನ ಮೊದಲ ಆಯ್ಕೆ ಇದೇ. ಕೆಳ ತುದಿಯಲ್ಲಿ ಅಂಗಡಿಯ ಸಾಮಾನ್ಯ ಚಿಪ್.

ಸಾಮಾನ್ಯ ಚಿಪ್ ಬಳಸಲೇಬಾರದೆಂದಲ್ಲ. ಆದರೆ ಒಂದೇ ಪಾರ್ಟ್ ನಂಬರಿನಡಿ ಎರಡು ಕಾರ್ಖಾನೆಯ ಚಿಪ್ ಇರಬಹುದು, ಒಳಗಿನ ವಿನ್ಯಾಸ ಬದಲಾದರೂ ನಿಮ್ಮ ಕಿವಿಗೆ ಬೀಳದಿರಬಹುದು. ಯಾರೋ ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶ ಅವರ ಲಾಟಿನದು, ಅಂದರೆ ಅವರ ಕೈಗೆ ಬಂದ ತಯಾರಿಕಾ ಗುಂಪಿನದು. ನಿಮ್ಮ ಲಾಟನ್ನು ನೀವೇ ಪರೀಕ್ಷಿಸಬೇಕು.

7. ಶಾಖ, ಕೆಪಾಸಿಟರ್, ಕಾಲುಗಳು

ನಿರ್ವಾತದಲ್ಲಿ ಫ್ಯಾನ್ ಇಲ್ಲ, ಬಿಸಿಗಾಳಿ ಏಳುವುದೂ ಇಲ್ಲ. ಶಾಖ ಬೋರ್ಡಿನ ಮೂಲಕವೇ ಪೆಟ್ಟಿಗೆಗೆ ಇಳಿಯಬೇಕು. 5 ವೋಲ್ಟಿನಿಂದ 3.3ಕ್ಕೆ 1 ಆಂಪಿಯರ್ ಇಳಿಸಿದರೆ 1.7 ವ್ಯಾಟ್. ಮೊದಲು ಸ್ವಿಚಿಂಗ್ ಕನ್ವರ್ಟರಿನಿಂದ 3.8ಕ್ಕೆ ತಂದು ಬಳಿಕ ಲೀನಿಯರ್ ಇಟ್ಟರೆ ಅರ್ಧ ವ್ಯಾಟ್ ಸಾಕು. ಜಂಕ್ಷನ್ ತಾಪಮಾನ 110 ಡಿಗ್ರಿಯನ್ನು ದಾಟಬಾರದು, ತಯಾರಕರ ಗರಿಷ್ಠಕ್ಕಿಂತ 40 ಡಿಗ್ರಿಯಾದರೂ ಕೆಳಗಿರಬೇಕು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ ಎಂಬುದು ಬಳಕೆಯಲ್ಲಿರುವ ನಿಯಮ.

ಎಕ್ಸ್‌7ಆರ್ ಸೆರಾಮಿಕ್ ಕೆಪಾಸಿಟರ್ ಮೇಲೆ ಡಿಸಿ ವೋಲ್ಟೇಜ್ ಬಿದ್ದರೆ ಅದರ ಮೌಲ್ಯ ಕುಗ್ಗುತ್ತದೆ. ಜತೆಗೆ ಅದು ನಡುಕವನ್ನು ವೋಲ್ಟೇಜ್ ಮಾಡುವ ಗುಣದ್ದು: ಉಪಗ್ರಹವನ್ನು ಬೇಕಾದ ದಿಕ್ಕಿಗೆ ತಿರುಗಿಸುವ ರಿಯಾಕ್ಷನ್ ವೀಲ್‌ಗಳ ಕಂಪನ ಕಕ್ಷೆಯಲ್ಲಿ ನಾಯ್ಸ್ ಆಗಿ ಕಾಣಿಸಿಕೊಳ್ಳಬಹುದು. ಟ್ಯಾಂಟಲಮ್ ಹಾಕುವುದಾದರೆ ಅದರ ವೋಲ್ಟೇಜ್ ದರ್ಜೆಯ ಅರ್ಧದಲ್ಲಿ ಬಳಸಿ, ಅದರ ಒಳ ರೆಸಿಸ್ಟೆನ್ಸ್ ರೆಗ್ಯುಲೇಟರ್ ಕೇಳುವ ಸ್ಥಿರತೆಯ ವ್ಯಾಪ್ತಿಯೊಳಗಿದೆಯೇ ನೋಡಿ.

ಸೆರಾಮಿಕ್ ಚಿಪ್ಪಿನ ಕಾಲಿಗೆ ಚಿನ್ನದ ಲೇಪವಿದ್ದರೆ ಬೆಸುಗೆಗೆ ಮೊದಲು ಅದನ್ನು ತವರ-ಸೀಸದಲ್ಲಿ ಅದ್ದಿ ತೆಗೆಯಬೇಕು. ಇಲ್ಲದಿದ್ದರೆ ಬೆಸುಗೆ ಪೆಡಸಾಗುತ್ತದೆ. ಅಪ್ಪಟ ತವರದ ಲೇಪ ಬೇಡವೇ ಬೇಡ. ಅದರಿಂದ ಕೂದಲೆಳೆಯಂಥ ತವರದ ಎಳೆಗಳು ಬೆಳೆದು ಶಾರ್ಟ್ ಆಗುತ್ತದೆ. ಕನಿಷ್ಠ 3 ಶೇಕಡಾ ಸೀಸ ಇರಬೇಕು.

8. ಆರ್ಡರ್ ಕೊಡುವುದು

ಬಾಹ್ಯಾಕಾಶ ದರ್ಜೆಯ ಬಿಡಿಭಾಗ ಬರಲು ತಿಂಗಳುಗಳೇ ಬೇಕು, ಒಂದು ವರ್ಷವಾದರೂ ಅಚ್ಚರಿಪಡಬೇಕಿಲ್ಲ. ಸರ್ಕ್ಯೂಟ್ ಮುಗಿದ ಮೇಲೆ ಬೆಲೆ ಕೇಳೋಣ ಎಂದು ಕೂರಬೇಡಿ. ಆಯ್ಕೆಯ ಪಟ್ಟಿಯಲ್ಲಿ ಎರಡೇ ಹೆಸರು ಉಳಿದ ದಿನವೇ ಬೆಲೆ ಮತ್ತು ಅವಧಿಯ ಪತ್ರ ಕೇಳಿ. ನಡುವೆ ಬೋರ್ಡ್ ಕೆಲಸ ನಿಲ್ಲದಿರಲು ಎಂಜಿನಿಯರಿಂಗ್ ಮಾದರಿಗಳು ಸಿಗುತ್ತವೆ: ಅದೇ ಕವಚ, ಅದೇ ಕಾಲುಗಳು, ಆದರೆ ಪೂರ್ತಿ ಪರೀಕ್ಷೆ ಆಗಿರುವುದಿಲ್ಲ. ಪಾರ್ಟ್ ನಂಬರಿನ ಕೊನೆಯಲ್ಲಿ ಇಎಂ ಅಥವಾ ಪ್ರೋಟೊ ಎಂಬ ಗುರುತಿರುತ್ತದೆ. ನೋಡಲು ಎರಡೂ ಒಂದೇ ಥರ ಇರುವುದರಿಂದ ಇವನ್ನು ಹಾರುವ ಬಿಡಿಭಾಗದ ಕಪಾಟಿನಲ್ಲಿ ಇಡಲೇಬೇಡಿ.

ರಫ್ತು ನಿಯಂತ್ರಣವನ್ನು ಮೊದಲ ದಿನವೇ ವಿಚಾರಿಸಿ. ಅಮೆರಿಕದ ಚಿಪ್ಪಾದರೆ ಅದರ ವರ್ಗೀಕರಣ ಸಂಖ್ಯೆ ಕೇಳಿ. 500 ಕಿಲೊರ‍್ಯಾಡ್ ಅಥವಾ ಅದಕ್ಕಿಂತ ಹೆಚ್ಚು ತಾಳುವ ಚಿಪ್ಪುಗಳ ಮೇಲೆ ನಿರ್ಬಂಧ ಹಳೆಯದು. 100 ಕಿಲೊರ‍್ಯಾಡ್ ಮತ್ತು ಎಲ್‌ಇಟಿ 80 ಎರಡನ್ನೂ ಒಟ್ಟಿಗೆ ತಲುಪುವ ಚಿಪ್ಪಿಗೂ 9ಎ515 ಎಂಬ ಬಾಹ್ಯಾಕಾಶ ವರ್ಗದಲ್ಲಿ ಜಾಗವಿದೆ. ಹಾಗಾಗಿ ಬೇಕಿಲ್ಲದ ತಾಳಿಕೆ ಕೇಳಿದರೆ ಬೆಲೆಯ ಜತೆ ಕಾಗದಪತ್ರವೂ ಹೆಚ್ಚುತ್ತದೆ. ಅಂತಿಮ ಬಳಕೆದಾರರ ಘೋಷಣೆ, ಪರವಾನಗಿಗೆ ಹಿಡಿಯುವ ವಾರಗಳು, ಎಲ್ಲವನ್ನೂ ವೇಳಾಪಟ್ಟಿಗೆ ಸೇರಿಸಿ.

ಎಷ್ಟು ಕೊಳ್ಳಬೇಕು? ಹಾರುವುದು ಹತ್ತೇ ಆದರೂ ಹತ್ತು ಸಾಲದು. ಡೋಸ್ ಪರೀಕ್ಷೆಗೆ ರೂಢಿಯಂತೆ 5 ವೋಲ್ಟೇಜ್ ಕೊಟ್ಟು, 5 ಕೊಡದೆ, 1 ಹೋಲಿಕೆಗೆ ಎಂದು 11 ಹೋಗುತ್ತವೆ. ಒಡೆದು ಒಳಗೆ ನೋಡುವ ಪರೀಕ್ಷೆಗೆ ಮೂರಾದರೂ ಬೇಕು. ಕಾಲು ಬಗ್ಗಿಸುವಾಗ, ಬೆಸುಗೆಯಲ್ಲಿ ಕೆಡುವುದಕ್ಕೆ ಕೆಲವು, ಬಿಡಿ ಬೋರ್ಡಿಗೆ ಕೆಲವು. ಮೂವತ್ತರ ಹತ್ತಿರ ಬರುತ್ತದೆ. ಎಲ್ಲವೂ ಒಂದೇ ವೇಫರ್ ಲಾಟಿನಿಂದ, ಒಂದೇ ಡೇಟ್ ಕೋಡಿನಿಂದ ಬರಬೇಕೆಂದು ಆರ್ಡರಿನಲ್ಲೇ ಬರೆಯಿರಿ. ತಯಾರಕರು ಲಾಟಿನ ಡೋಸ್ ಪರೀಕ್ಷೆಯನ್ನು ತಾವೇ ಮಾಡಿ ವರದಿ ಕೊಡುವ ದರ್ಜೆಯಾದರೆ ಆ 11 ಉಳಿಯುತ್ತವೆ.

ಕೊಳ್ಳುವುದು ತಯಾರಕರಿಂದ ಅಥವಾ ಅವರು ಒಪ್ಪಿದ ವಿತರಕರಿಂದ ಮಾತ್ರ. ಅವಧಿಯ ಒತ್ತಡದಲ್ಲಿ "ನಮ್ಮಲ್ಲಿ ಸ್ಟಾಕ್ ಇದೆ" ಎನ್ನುವ ದಲ್ಲಾಳಿ ಬಹಳ ಆಕರ್ಷಕ. ಹಳೆಯ ಬೋರ್ಡಿನಿಂದ ಕಿತ್ತು ಹೊಸ ಗುರುತು ಒತ್ತಿದ ಚಿಪ್ ಕೂಡ ನಿಮ್ಮ ಮೇಜಿನ ಮೇಲೆ ಸರಿಯಾದ ವೋಲ್ಟೇಜನ್ನೇ ತೋರಿಸುತ್ತದೆ. ಅದರ ವಿಕಿರಣ ಚರಿತ್ರೆಯನ್ನು ಮಲ್ಟಿಮೀಟರ್ ಹೇಳುವುದಿಲ್ಲ.

9. ಪಾರ್ಸೆಲ್ ಬಂದ ದಿನ

ಚೀಲ ತೆರೆಯುವ ಮೊದಲು ಕಾಗದ ಓದಿ. ಅನುಸರಣಾ ಪ್ರಮಾಣಪತ್ರದ ಲಾಟ್ ಸಂಖ್ಯೆ, ಚೀಲದ ಮೇಲಿನ ಸಂಖ್ಯೆ, ಚಿಪ್ಪಿನ ಮೇಲಿನ ಸಂಖ್ಯೆ ಮೂರೂ ಒಂದೇ ಆಗಿರಬೇಕು. ವಿಕಿರಣ ವರದಿ ಗ್ರೂಪ್ ಇ ಎಂಬ ಹೆಸರಿನಲ್ಲಿ ಬರುತ್ತದೆ. ಅದು ನಿಮ್ಮ ವೇಫರ್ ಲಾಟಿನದೇ ಎಂದು ನೋಡಿ. ಈ ಎಚ್ಚರ ಅತಿಯಾಯಿತು ಎನಿಸಿದರೆ 2024ರ ಯುರೋಪಾ ಕ್ಲಿಪ್ಪರ್ ನೌಕೆಯನ್ನು ನೆನೆಯಿರಿ. ಉಡಾವಣೆಗೆ ಕೆಲವೇ ತಿಂಗಳಿದ್ದಾಗ, ಆಗಲೇ ಅಳವಡಿಸಿದ್ದ ಪವರ್ ಟ್ರಾನ್ಸಿಸ್ಟರುಗಳು ನಿರೀಕ್ಷೆಗಿಂತ ಕಡಿಮೆ ಡೋಸಿಗೇ ಸೋಲಬಹುದೆಂದು ತಿಳಿದುಬಂತು. ನಾಸಾದ ತಂಡ ತಿಂಗಳುಗಟ್ಟಲೆ ಪರೀಕ್ಷಿಸಿ, ಡೋಸ್ ಕಡಿಮೆ ಇರುವ ಅವಧಿಯಲ್ಲಿ ಅವು ತಕ್ಕಷ್ಟು ಚೇತರಿಸಿಕೊಳ್ಳುತ್ತವೆ ಎಂದು ಖಾತರಿಪಡಿಸಿಕೊಂಡ ಬಳಿಕವೇ ಅಕ್ಟೋಬರ್ 14ರಂದು ನೌಕೆ ಹಾರಿತು.

ಬಳಿಕ ಒಂದು ಬಿಡಿಭಾಗವನ್ನು ನಿಮ್ಮದೇ ಬೋರ್ಡಿನಲ್ಲಿ ಹಾಕಿ ನಾಯ್ಸ್ ಅಳೆಯಿರಿ. ಒಂದೆರಡು ಮೈಕ್ರೊವೋಲ್ಟ್ ಅಳೆಯಲು ಸಾಧಾರಣ ಆಸಿಲೋಸ್ಕೋಪ್ ಸಾಲದು. ಸಾವಿರ ಪಟ್ಟು ಹಿಗ್ಗಿಸುವ ಕಡಿಮೆ ನಾಯ್ಸ್ ಪ್ರೀಆಂಪ್ಲಿಫೈಯರ್ ಬೇಕು. ರೆಗ್ಯುಲೇಟರಿನ ಇನ್‌ಪುಟ್ ಬ್ಯಾಟರಿಯಿಂದ ಬರಲಿ, ಬೋರ್ಡು ಲೋಹದ ಡಬ್ಬಿಯೊಳಗಿರಲಿ. ಮೊದಲು ರೆಗ್ಯುಲೇಟರ್ ಬಿಟ್ಟು ಪ್ರೀಆಂಪ್ಲಿಫೈಯರಿನ ಇನ್‌ಪುಟ್ ಶಾರ್ಟ್ ಮಾಡಿ ಉಪಕರಣದ ಸ್ವಂತ ನಾಯ್ಸ್ ಬರೆದುಕೊಳ್ಳಿ, ಆಮೇಲೆ ಜೋಡಿಸಿ. ಆ ಗ್ರಾಫನ್ನು ಲಾಟ್ ಸಂಖ್ಯೆ, ಕೆಪಾಸಿಟರ್ ಮೌಲ್ಯ, ಲೋಡ್ ಮತ್ತು ತಾಪಮಾನ ಬರೆದು ಕಡತದಲ್ಲಿಡಿ. ಡೋಸ್ ಪರೀಕ್ಷೆಯಿಂದ ಮರಳಿದ ಚಿಪ್ಪನ್ನು ಇದೇ ಬೋರ್ಡಿನಲ್ಲಿ, ಇದೇ ಡಬ್ಬಿಯಲ್ಲಿ ಕೂರಿಸಿ ಮತ್ತೆ ಅಳೆಯುವ ದಿನ ಹೋಲಿಸಲು ಬೇಕಾಗುವುದು ಆ ಒಂದು ಹಾಳೆಯೇ.